ಹಣ್ಣಾದ ಗುಳಗಿ

ಸೋಮಿಯ ಕೈ ಹಿಡಕೊಂಡು ದವಾಖಾನಿ ಕಡೆ ನಡಿಯೂಮುಂದ ಮಡಿವಾಳೆಪ್ಪನ ಕಣ್ಣು ಮತ್ತ ಮತ್ತ ಆ ಎರಡೂ ಕೈ ಮ್ಯಾಲೆ ಬೀಳತಿತ್ತು. ಅವನ ಕೈ ಮೊಣಕೈತನಕ ಕೆಂಪು. ಮೂವತ್ತ ವರ್ಷ ಸುರಂಜಿ ಬೇರು ಕುದಿಸಿದ ಬಣ್ಣದ ಬಾನ್ಯಾಗ ಅರಿವಿ ಅದ್ದಿ ಅದ್ದಿ ಬಂದ ಕೆಂಪು. ಸೀಗಿಕಾಯಿಗೂ ಬಗ್ಗಿಲ್ಲ, ಬೂದಿಗೂ ಬಗ್ಗಿಲ್ಲ. ಬೈಲಹೊಂಗಲಕ್ಕ ಹೊಸದಾಗಿ ಬಂದ ಮಂದಿ ಆ ಕೈ ನೋಡಿ ಇಂವ ಎಲ್ಲೋ ಕೊಲಿ ಮಾಡಿ ಬಂದಾನಂತ ತಿಳಕೋತಿದ್ರು. ಹಳೆ ಮಂದಿಗೆ ಅವನಿಗೆ ಅಷ್ಟು ಧೈರ್ಯ ಇಲ್ಲಂತ ಗೊತ್ತಿತ್ತು. ಆ ಕೈಯಾಗ ಎಂಟು ವರ್ಷದ ಮಗಳ ಕೈ, ಬಣ್ಣ ಕುಡೀಲಾರದ ಹಂಗ ಉಳದ ನೂಲಿನ ಲಡಿ ಇದ್ದಂಗ ಇತ್ತು. ಹತ್ತ ಹೆಜ್ಜಿಗೊಮ್ಮೆ ಅಕಿ ನಿಲ್ಲತಿದ್ಲು. ನಿಂತಾಗ ಎದಿ ಗುಬ್ಬಿ ಎದಿಯಂಗ ಹಾರತಿತ್ತು. ಅಕಿ ನಿಂತಾಳಂತ ಅಕಿಗೆ ತಿಳೀಬಾರದಂತ ಇಂವ ತಾನ ಮೊದಲ ನಿಂತು ಏನರೆ ತೋರಸತಿದ್ದ. "ಅಲ್ಲಿ ನೋಡವಾ, ಆ ಕಾಗಿ. ಅದು ನಿಮ್ಮ ಮುತ್ಯಾನ ಕಾಲದ ಕಾಗಿ. ಒಂದ ಕಣ್ಣು ಕಿತ್ತೂರ ಕೋಟಿ ಕಾಯತೈತಿ, ಒಂದ ಕಣ್ಣು ಬೈಲಹೊಂಗಲ ಸಂತಿ ನೋಡತೈತಿ." ಸೋಮಿ ಕಾಗಿ ನೋಡತಿದ್ಲು, ಉಸುರ ತಗೋತಿದ್ಲು, ನಂಬತಿದ್ಲು. ಅಕಿ ನಂಬೂದನ್ನ ನೋಡಿದಾಗೊಮ್ಮೆ ಇಂವ ಮಾರಿ ಆ ಕಡೆ ತಿರುಗಿಸತಿದ್ದ. ಈಗ ಎರಡ ತಿಂಗಳಾತು, ಹಿಂಗ ಆಗಾಕ ಹತ್ತಿ.

ಕಂಬಳಿ ಮಾರೂ ಬೀರಪ್ಪ ತನ್ನ ಕಟ್ಟಿ ಮ್ಯಾಲಿಂದನ ಕೂಗಿದ. "ಏನೋ ಮಡಿವಾಳ್ಯಾ, ಇವತ್ತ ಮಲಪ್ರಭಾ ಹೊಳಿ ಯಾ ಬಣ್ಣ ಹರಿಯಾಕ ಹತ್ತೈತ್ಯೋ?"

"ಇನ್ನೂ ಹೇಳಿ ಕಳಿಸಿಲ್ಲೋ. ಮಧ್ಯಾಹ್ನದ ಮ್ಯಾಲೆ ಕೇಳು," ಅಂದ ಮಡಿವಾಳೆಪ್ಪ. ಬಾಯಿ ತಾನ ಅಂದಿತು. ಕಟ್ಟಿ ಮ್ಯಾಲಿನ ಮಂದಿ ನಕ್ರು. ಮೂವತ್ತ ವರ್ಷ ಸುಳ್ಳ ಕಥಿ ಹೇಳಿ ಹೇಳಿ ಬಾಯಿಗೂ ಕೈಯಂಗ ಬಣ್ಣ ಹತ್ತಿತ್ತು, ತೊಳದ್ರ ಹೋಗೂದಲ್ಲ. ಆದ್ರ ಊರ ಮಂದಿ ನಗೂದು ಈಗ ಕಥಿಗಲ್ಲ, ಅವನಿಗೆ. ಅದು ಅವನಿಗೆ ಗೊತ್ತಿತ್ತು. ಕಥಿ ಪೂರಾ ಕೇಳಾಕಿ ಒಬ್ಬಾಕಿ ಇದ್ಲು, ಸೋಮಿಯ ಅವ್ವ ಶಟ್ಟೆವ್ವ. ಅಕಿನೂ ನಂಬತಿದ್ದಿಲ್ಲ. ನೂಲು ತಿರುವಕೋತ, "ಆಮ್ಯಾಲೆ?" ಅಂತಿದ್ಲು. ಹಿಂದಿನ ಪ್ಲೇಗಿನಾಗ ಊರ ಬಿಟ್ಟು ಹೊಲದಾಗ ಗುಡಸಲಾ ಹಾಕಿದಾಗ, ಅಕಿ ಬಗಲಾಗ ಗಂಟು ಎದ್ದ ಮ್ಯಾಲೂ, ಅಂವ ಹೇಳಕೋತ ಕುಂತಿದ್ದ, ಅಕಿ "ಆಮ್ಯಾಲೆ?" ಅಂದು ಕಣ್ಣ ಮುಚ್ಚಿದ್ಲು. ಆಮ್ಯಾಲೆ ಏನಾತಂತ ಅಂವ ಇನ್ನೂ ಯಾರ ಮುಂದೂ ಹೇಳಿಲ್ಲ.

ಇದು ದವಾಖಾನಿಗೆ ಮೂರನೇ ಸಲ. ಮೊದಲನೇ ಸಲ ಸಂಕ್ರಮಣ ಆದ ಮರುವಾರ ಬಂದಿದ್ದ. ಮನ್ಯಾಗ ಅವನ ಅಕ್ಕ ಕೆಂಚವ್ವ, ಗಂಡ ಸತ್ತ ಮ್ಯಾಲೆ ತಮ್ಮನ ಮನಿಗೆ ಬಂದು ಕೂಸಿನ್ನ ಜ್ವಾಪಾನ ಮಾಡಾಕಿ, "ಹೊಟ್ಟಿ ಮ್ಯಾಲೆ ಬರಿ ಹಾಕಸೂಣು, ನಮ್ಮ ಓಣ್ಯಾಗ ಯಾರಿಗೆ ಹಾಕಿಸಿಲ್ಲ" ಅಂತ ಕುಡಗೋಲ ಕಾಯಸಾಕ ಕುಂತಿದ್ಲು. ಮಡಿವಾಳೆಪ್ಪ ಕೂಸಿನ್ನ ಹೆಗಲ ಮ್ಯಾಲೆ ಹಾಕ್ಕೊಂಡು ಓಡಿ ಬಂದಿದ್ದ. ಓಡಿ ಬಂದದ್ದಕ್ಕ ತನ್ನ ಮ್ಯಾಲೆ ತನಗ ಭಾಳ ಅಭಿಮಾನ ಆಗಿತ್ತು. ಡಾಕ್ಟರ ಚಿಂತಾಮಣರಾಯರು ಪುಣೇದ ಕಡಿಂದ ಹೊಸದಾಗಿ ಬಂದವರು, ತೆಳ್ಳನ ಮನಷ್ಯಾ, ನಕ್ಕರ ಮೂಗಿನ ಮ್ಯಾಲಿನ ಚಾಳೀಸ ಕುಣೀತಿತ್ತು. ಸೋಮಿಯ ಕಣ್ಣಿನ ಕೆಳಗಿನ ರೆಪ್ಪಿ ಜಗ್ಗಿ ನೋಡಿದ್ರು. ಉಗುರ ಒತ್ತಿ ನೋಡಿದ್ರು. ಹೊಟ್ಟಿ ಮುಟ್ಟಿ, ಒಳಗ ಗಡ್ಡಿ ಕಟ್ಟಿಲ್ಲ, ಅದಕ್ಕ ಇದು ಚಳಿಜ್ವರ ಅಲ್ಲ ಅಂದ್ರು. "ಮಣ್ಣ ತಿಂತದೇನು?" ಅಂತ ಕೇಳಿದ್ರು. ಮಡಿವಾಳೆಪ್ಪ ಬೆರಗಾದ. ಸೋಮಿ ನಡುಮನಿ ಗ್ವಾಡಿ ನೆಕ್ಕಿ ನೆಕ್ಕಿ ಒಂದ ಬೊಗಸಿಯಷ್ಟು ತೆಗ್ಗು ಮಾಡಿದ್ಲು. ಅದಕ್ಕ ಅಂವ ಅಕಿನ್ನ ಎರಡ ಸಲ ಹೊಡದಿದ್ದ. ರೋಗಕ್ಕ ಹೊಡದಂಗಾತು ಅಂತ ಆಗ ತಿಳೀತು. ತಿಳದದ್ದನ್ನ ಮಾರ್ಯಾಗ ತೋರಿಸಲಿಲ್ಲ.

ಆಮ್ಯಾಲೆ ರಾಯರು ಸೂಜಿಯಿಂದ ಕೂಸಿನ ಬೆರಳ ಚುಚ್ಚಿ, ಒಂದ ಹನಿ ರಕ್ತ ಶಾಯಿ ಹೀರೂ ಕಾಗದದ ಮ್ಯಾಲೆ ತಗೊಂಡು, ಒಂದ ಸಣ್ಣ ಪುಸ್ತಕ ತಗದ್ರು. ಅದರಾಗ ಹತ್ತು ಕೆಂಪ ಗೆರಿ. ಮೊದಲನೇದು ಗುಲಾಬಿ ನೀರಿನಂಗ, ಹತ್ತನೇದು ದಾಳಿಂಬ್ರ ಬೀಜದಂಗ. ಹನಿಯ ಬಣ್ಣ ಯಾ ಗೆರಿಗೆ ಕೂಡತೈತೋ ಅದು ಮಗುವಿನ ರಕ್ತದ ಕಸು ಅಂದ್ರು. ಹೊಸಾ ಶೋಧ, ಈಗ ಈಗ ಬಂದದ್ದು. ಮೊದಲ ಕಣ್ಣ ನೋಡಿ ಅಂದಾಜ ಹೇಳತಿದ್ವಿ, ಈಗ ಎಣಿಸಿ ಹೇಳಬಹುದು. ಮಡಿವಾಳೆಪ್ಪ ಪುಸ್ತಕದಾಗ ಹಣಿಕಿ ಹಾಕಿ ಸುಮ್ಮನಿರಬೇಕಾಗಿತ್ತು. ಇರಲಿಲ್ಲ. "ಇವು ಹತ್ತ ಕೆಂಪ ಅಲ್ರಿ ರಾಯರ, ಎಂಟ ಅದಾವು. ಐದನೇದು ಆರನೇದು ಒಂದ ಬಾನ್ಯಾಗ ಅದ್ದ್ಯಾರ. ಎಂಟನೇದ್ರಾಗ ವಿಲಾಯತಿ ಪುಡಿ ಕಲಿಸ್ಯಾರ. ನಮ್ಮ ಹತ್ರ ನಲವತ್ತ ಕೆಂಪ ಅದಾವು," ಅಂದ. ರಾಯರು ತಲಿ ಎತ್ತಿ ಅವನ ಮಾರಿ ನೋಡಿದ್ರು. ಎಷ್ಟೋ ವರ್ಷದಾಗ ಒಬ್ಬರು ಹಂಗ ನೋಡಿದ್ರು. ಆ ಒಂದ ನೋಟಕ್ಕ ಮಡಿವಾಳೆಪ್ಪ ಅಲ್ಲೇ ಸ್ಟೂಲಿನ ಮ್ಯಾಲೆ ಕುಂತು, ಮಗಳ ರಕ್ತದ ಹನಿ ಇನ್ನೂ ಹಸಿ ಇರೂವಾಗ, ಮಲಪ್ರಭಾದ ಕಥಿ ತಗದಿದ್ದ. ಮಡಿವಾಳೆಪ್ಪನ ಮುತ್ಯಾ ಮುನವಳ್ಳಿ ಹತ್ರ ಹೊಳ್ಯಾಗ ಒಂದ ರುಮಾಲ ಜಾಲಾಡಿದ. ಆ ಕೆಂಪು ಹೊಳಿಗುಂಟ ಹರದು ರಾಮದುರ್ಗ ಮುಟ್ಟಿತು. ಎಂಟ ದಿನ ಅಲ್ಲಿ ಮಂದಿ ಬಿಳೆ ಧೋತರ ಒಗದು ಕೆಂಪ ಧೋತರ ಉಟಗೊಂಡ್ರು. ಸಂಸ್ಥಾನದ ಕಾರಭಾರಿ ಊರಾಗ ಇಷ್ಟು ಲಗ್ನ ಯಾಕ ಅಂತ ತಪಾಸ ಮಾಡಾಕ ಮಂದಿ ಕಳಿಸಿದ. ಕಳಿಸಿದ ಮಂದೀನೂ ಕೆಂಪ ಉಟಗೊಂಡು ಬಂದ್ರು. ರಾಯರು ನಕ್ಕ ನಕ್ಕ ಚಾಳೀಸ ತಗದು ಕಣ್ಣ ಒರಸಿಕೊಂಡ್ರು. "ಹತ್ತರಾಗ ನಾಕು," ಅಂತ ಕಾಗದದ ಮ್ಯಾಲೆ ಬರದ್ರು. "ಕಬ್ಬಿಣದ ಅಂಶ ಕಡಿಮಿ ಆಗೇದ. ಗುಳಗಿ ಕೊಡತೇನಿ, ದಿನಾ ಮೂರು. ಎರಡ ತಿಂಗಳದಾಗ ಏಳಕ್ಕ ಏರಲಿಲ್ಲಂದ್ರ ನನ್ನ ಹೆಸರ ಬದಲ ಮಾಡು." ಇನ್ನೊಂದ ಏನೋ ಹೇಳಾಕ ಬಾಯಿ ತಗದ್ರು. ಅಷ್ಟ್ರಾಗ ಮತ್ತ ಕಾರಭಾರಿ ನೆನಪಾಗಿ ನಗಿ ಬಂತು, ಹೇಳೂದು ಹಂಗ ಉಳೀತು.

ಕಂಪೌಂಡರ ಬುರಾನಸಾಬ ಒಳಗ ಗುಳಗಿ ಕಟ್ಟಾಕ ಹತ್ತಿದ್ದ. ಗಾಜಿನ ಬರಣ್ಯಾಗಿಂದ ಹಸರ ಹರಳು ತಗದು ಕಲಬತ್ತಿನ್ಯಾಗ ಅರೀತಿದ್ದ. ಮಡಿವಾಳೆಪ್ಪಗ ಅದರ ಗುರ್ತು ಕೇಳಬೇಕಾಗಿದ್ದಿಲ್ಲ. ಯರಗಟ್ಟಿ ಪ್ಯಾಟ್ಯಾಗಿಂದ ಚೀಲಗಟ್ಲೆ ಅಂವನ ತರತಿದ್ದ. ಅನ್ನಭೇದಿ. ಅರಿವಿ ಕರೆ ಮಾಡೂ ಅನ್ನಭೇದಿ. ಎಂಥಾ ಕೆಂಪ ಇರಲಿ, ಅದರಾಗ ಚಿವುಟಷ್ಟು ಬಿದ್ರ ಆ ಕೆಂಪಿನ ಕಥಿ ಮುಗೀತು. ಅವನ ಮುತ್ಯಾ ಕೆಂಪ ಬಾನಿ ಇದ್ದ ಖೋಲ್ಯಾಗ ಅನ್ನಭೇದಿ ತರಗೊಡತಿದ್ದಿಲ್ಲ. ಅದರ ಚೀಲ ಮುಟ್ಟಿದ ಕೈ ಬೂದಿ ಹಾಕಿ ತೊಳಿಯೂತನಕ ಕೆಂಪ ಅರಿವಿ ಮುಟ್ಟೂ ಹಂಗಿದ್ದಿಲ್ಲ. ಆ ಓಣ್ಯಾಗ ಹುಟ್ಟಿದ ಹುಡಗೂರು ಅವ್ವ ಅನ್ನೂದಕಿಂತ ಮೊದಲ ಇದನ್ನ ಕಲೀತಿದ್ವು. ಕೇಳಬೇಕಾಗಿತ್ತು. ಈಗಷ್ಟ ನಕ್ಕ ರಾಯರ ಮುಂದ ಹೋಗಿ, ಇದು ಹೆಂಗ್ರಿ ಅಂತ ಕೇಳಬೇಕಾಗಿತ್ತು. ಆದ್ರ ನಲವತ್ತ ಕೆಂಪ ಬಲ್ಲಾಂವ ಅನಿಸಿಕೊಂಡ ಮ್ಯಾಲೆ ದಡ್ಡರಂಗ ಕೇಳಾಕ ನಾಚಿಕಿ ಬಂತು. ಗುಳಗಿ ಪುಡಕಿ ತಗೊಂಡು ಬಂದ.

ಮೂರ ದಿವಸ ಕೊಟ್ಟ. ನಾಕನೇ ದಿನ ಮುಂಜಾನಿ ಕೆಂಚವ್ವ ಹಿತ್ತಲದಾಗಿಂದ ಓಡಿ ಬಂದು, "ತಮ್ಮಾ, ಕೂಸಿನ ಹೊರಕಡಿ ನೋಡಬಾ, ಕರ್ರಗ ಕಾಡಗಿ ಆಗೇತೋ!" ಅಂದ್ಲು. ಹೋಗಿ ನೋಡಿದ. ಕರೆ ಬಾನಿಯ ತಳದಾಗ ಕುಂತ ಗಸಿ ಹೆಂಗಿರತೈತೋ ಹಂಗಿತ್ತು. ಅಂದ ಮಧ್ಯಾಹ್ನ ಯಾರೂ ಇಲ್ಲದಾಗ ಒಂದ ಬಟ್ಟಲದಾಗ ಹುಣಸಿ ನೀರು ಹಾಕಿ, ಎರಡ ಗುಳಗಿ ಕುಟ್ಟಿ ಕಲಿಸಿ, ತನ್ನ ಚಲೋ ಕೆಂಪ ಅರಿವಿ ಒಂದ ಗೇಣು ಹರದು ಅದ್ದಿದ. ನೋಡಕೋತ ಕುಂತ. ಕೆಂಪು ಮೊದಲ ಮುಖ ಸಣ್ಣ ಮಾಡಿತು, ಆಮ್ಯಾಲೆ ಬಾಡಿದ ಬದನಿಕಾಯಿ ಆತು, ಹೊತ್ತ ಇಳಿಯೂದ್ರಾಗ ಕರಿ ಆತು. ಮಡಿವಾಳೆಪ್ಪಗ ಆ ಬಟ್ಟಲದಾಗ ಅರಿವಿ ಕಾಣಲಿಲ್ಲ, ಒಂದ ಸಣ್ಣ ದೇಹದ ಒಳಗಿನ ನರ ಕಂಡ್ವು. ಇದ್ದದ್ದ ನಾಕು ಗೆರಿ ಕೆಂಪು, ಅದನ್ನೂ ಈ ಶ್ಯಾಣ್ಯಾ ಮನಷ್ಯಾ ಕರಿ ಮಾಡಾಕ ಹತ್ಯಾನ. ಉಳದ ಗುಳಗಿ ಒಯ್ದು ಕರೆ ಬಾನ್ಯಾಗ ಹಾಕಿದ. ಆ ವಾರ ಅವನ ಕರೆ ಸೀರಿಗೆ ಎಂದೂ ಇಲ್ಲದ ಹೊಳಪ ಬಂದಿತ್ತು, ಕಟಕೋಳದ ಗಿರಾಕಿ ಹೊಗಳಿ ಹೋದ. ಅಕ್ಕನ ಬಾಯಿಗೆ ಹೆದರಿ, ರಾಯರ ಕಣ್ಣಿಗೆ ಹೆದರಿ, ಪುಠಾಣಿ ಹಿಟ್ಟು ಬೆಲ್ಲಾ ಕಲಸಿ ಅಷ್ಟ ಅಷ್ಟ ಗುಳಗಿ ಕಟ್ಟಿ, ಒಲಿ ಬೂದ್ಯಾಗ ಹೊರಳಿಸಿ ಇಟ್ಟ. ಸೋಮಿ ನುಂಗಿ ಕಣ್ಣ ಅಗಲ ಮಾಡಿದ್ಲು.

"ಅಪ್ಪಾ, ಇದು ಸೀ ಐತಿ! ಮೊನ್ನೆ ಬಾಗಲ ಚಿಲಕಾ ನೆಕ್ಕಿದಂಗ ಇತ್ತಲ್ಲ?"

"ಮೊನ್ನೆ ಕಾಯಿ ಇದ್ವವಾ," ಅಂದಿದ್ದ ಮಡಿವಾಳೆಪ್ಪ, ಕಣ್ಣ ಮಿಟಕಿಸದ. "ಗುಳಗೀನೂ ಮಾವಿನಹಣ್ಣಿನಂಗ. ಹುಲ್ಲಾಗ ಹಾಕಿ ಮುಚ್ಚಿ ಇಟ್ಟಿದ್ದೆ. ಈಗ ಹಣ್ಣಾಗ್ಯಾವು."

ಒಂದ ತಿಂಗಳ ಬಿಟ್ಟು ಎರಡನೇ ಸಲ ಹೋದಾಗ ಮತ್ತ ನಾಕ ಇತ್ತು. ರಾಯರು ಹುಬ್ಬ ಗಂಟ ಹಾಕಿ, ಗುಳಗಿ ಸರಿ ಕೊಟ್ಟಿಯಿಲ್ಲೋ ಅಂದ್ರು. ಕೊಟ್ಟೇನ್ರಿ, ಒಂದೂ ತಪ್ಪಿಸಿಲ್ಲ ಅಂದ. ಅದರಾಗ ಸುಳ್ಳ ಇದ್ದಿಲ್ಲಂತ ತನಗ ತಾನ ಹೇಳಕೊಂಡ. ಬೆಲ್ಲದ ಗುಳಗಿ ಒಂದೂ ತಪ್ಪಿಸಿದ್ದಿಲ್ಲ. ರಾಯರು ದಿನಕ್ಕ ಆರು ಅಂದ್ರು. ಕರೆ ಬಾನಿಗೆ ದಿನಕ್ಕ ಆರು ಬಿದ್ವು.

ಇವತ್ತ ದವಾಖಾನಿ ಪಡಸಾಲ್ಯಾಗ ಏಳೆಂಟ ಮಂದಿ ಕುಂತಿದ್ರು. ಒಳಗ ಕರದ್ರು. ಸೂಜಿ, ಹನಿ, ಕಾಗದ. ರಾಯರು ಪುಸ್ತಕ ತಗಿಯೂದಕಿಂತ ಮೊದಲ ಮಡಿವಾಳೆಪ್ಪಗ ಗೊತ್ತಾತು. ಕೆಂಪ ಅರಿವಿ ಐದನೇ ಸಲ ಜಾಲಾಡಿದ ನೀರು. ಮೂರೂವರಿ. ಅವನ ಕಣ್ಣ ಎಂದೂ ತಪ್ಪಿದ್ದಿಲ್ಲ, ಇವತ್ತ ತಪ್ಪಲಿ ಅಂತ ಬೇಡಕೊಂಡ. ರಾಯರು ಕಾಗದಾ ಕಿಡಕಿ ಬೆಳಕಿಗೆ ಹಿಡದು, ಇಳಿಸಿ, ಮತ್ತ ಹಿಡದ್ರು. ಸೋಮಿಗೆ ಹೊರಗ ಹೋಗಿ ಕುಂದ್ರು ಮಗು ಅಂದ್ರು.

"ಇಳದದ, ಮಡಿವಾಳೆಪ್ಪ," ಅಂದ್ರು. ಅವರು ಇವನ ಹೆಸರ ಇಷ್ಟು ಮೆತ್ತಗ ಎಂದೂ ಅಂದಿದ್ದಿಲ್ಲ. "ಇನ್ನೊಂದ ಮಾತ ಕೇಳತೇನಿ. ಮೊದಲ ದಿನಾನ ಹೇಳಬೇಕಿತ್ತು. ಎಲ್ಲಾರಿಗೂ ಹೇಳತೇನಿ, ನಿನಗ ಮಾತ್ರ... ಆ ಕಾರಭಾರಿ ಕಥ್ಯಾಗ ಮರತಬಿಟ್ಟೆ. ಗುಳಗಿ ತಗೊಂಡಾಗ ಮಗುವಿನ ಹೊರಕಡಿ ಕಪ್ಪಾಗತದ, ಅದಕ್ಕ ಹೆದರಬಾರದು. ಕಬ್ಬಿಣ ಹೊಟ್ಟಿಗೆ ಹೋಗೇದಂತ ಅದ ಗುರ್ತು. ಆಗಿತ್ತೋ ಇಲ್ಲೋ?"

"ಆಗಿತ್ರಿ," ಅಂತು ಮಡಿವಾಳೆಪ್ಪನ ಬಾಯಿ. ಖರೇನ ಅಂದಿತು. ಮೂರ ದಿವಸ ಆಗಿತ್ತು.

ರಾಯರು ಚಾಳೀಸ ತಗದು ಮೇಜಿನ ಮ್ಯಾಲೆ ಇಟ್ರು. "ಹಂಗಾರ ಗುಳಗಿ ತಪ್ಪಲ್ಲ. ಎರಡ ತಿಂಗಳ ಕಬ್ಬಿಣ ಹೋದ್ರೂ ರಕ್ತ ಏರಲಿಲ್ಲಂದ್ರ ಇದು ಆ ರೋಗ ಅಲ್ಲ. ರಕ್ತ ಹುಟ್ಟೂ ಜಾಗಾನ ಬತ್ತೇದ. ಇದಕ್ಕ ನನ್ನ ಹತ್ರ ಔಷಧ ಇಲ್ಲ. ಯಾರ ಹತ್ರನೂ ಇಲ್ಲ ಇನ್ನೂ. ಬೇಡಿದ್ದು ತಿನ್ನಸು. ಗುಳಗಿ ನಿಲ್ಲಸು. ಕಹಿ ಯಾಕ ಸುಮ್ಮನ."

ಹೊರಗ ಬಂದು ಬೇವಿನ ಗಿಡದ ಕಟ್ಟಿ ಮ್ಯಾಲೆ ಕುಂತ. ಹೋಳಿಹುಣ್ಣಿಮಿ ಹೋಗಿ ನಾಕ ದಿನ, ಬೇವು ಹೂ ಬಿಟ್ಟಿತ್ತು, ಹೂವು ಸೋಮಿಯ ತಲಿ ಮ್ಯಾಲೆ ಬೀಳತಿದ್ವು, ಅಕಿ ಒಂದೊಂದ ಆರಿಸಿ ಬಾಯಾಗ ಹಾಕ್ಕೋತಿದ್ಲು. ಕಹಿ ಅನ್ನೂದು ಅಕಿಗೆ ತಿಳೀತಿದ್ದಿಲ್ಲೇನೋ. ಕರ್ರಗಾದದ್ದು ಗುರ್ತಂತ. ಚಲೋ ಗುರ್ತಂತ. ಅದನ್ನ ಹೇಳಾಕ ಅವರು ಬಾಯಿ ತಗದಿದ್ರು, ಆ ಬಾಯಾಗ ತಾನು ರಾಮದುರ್ಗದ ಕಾರಭಾರಿನ್ನ ತುರಕಿದ್ದ. ಅವನಿಗೆ ಯಾಕೋ ಪಟಿಕ ನೆನಪಾತು. ಹೊಸ ಅರಿವಿ ಪಟಿಕದ ನೀರಾಗ ನೆನಸದ ಹಂಗ ಕೆಂಪ ಬಾನ್ಯಾಗ ಹಾಕಿದ್ರ ಎಷ್ಟ ಅದ್ದಿದ್ರೂ ಬಣ್ಣ ನಿಲ್ಲೂದಿಲ್ಲ, ಜಾಲಾಡಿದಂಗ ಹೋಗಿಬಿಡತೈತಿ. ಪಟಿಕ ಕೆಂಪ ಅಲ್ಲ, ಬೆಳ್ಳಗ ಐತಿ, ಆದ್ರ ಕೆಂಪ ಹಿಡಿಯೂದು ಅದ. ಅರಿವಿಗೆ ಪಟಿಕ. ರಕ್ತಕ್ಕ ಅನ್ನಭೇದಿ ಇರಬಹುದಲ್ಲ? ಮನಷ್ಯಾ ಅರಿವಿ ಅಲ್ಲಲ್ಲ? ಇಷ್ಟು ಸಣ್ಣ ಮಾತು, ಮೂವತ್ತ ವರ್ಷದ ಕೈಗೆ ತಿಳೀಲಿಲ್ಲ. ಈಗ ಒಳಗ ಹೋಗಿ ಹೇಳಬೇಕು. ಹೇಳಿದ್ರ ರಾಯರು ಮತ್ತ ಎಂದೂ ಹಂಗ ತಲಿ ಎತ್ತಿ ನೋಡೂದಿಲ್ಲ. ಹೇಳದಿದ್ರ ಮಗಳು ಹೋಗತಾಳ. ಇವೆರಡನ್ನೂ ತಕ್ಕಡಿಗೆ ಹಾಕಿ ಒಂದ ಗಳಿಗಿ ತೂಗಿದ್ನಲ್ಲ, ಆ ಒಂದ ಗಳಿಗೀನ ಅಂವ ಸಾಯೂತನಕ ಮರೀಲಿಲ್ಲ. ಮಗಳು ಬಗಲಾಗ ಹೂವ ತಿನಕೋತ ಕುಂತಿರೂವಾಗ, ತಂದಿ ಆದಾಂವ ತೂಗಿ ನೋಡಿದ.

ಎದ್ದು ಒಳಗ ಹ್ವಾದ. ಬಾಗಲದಾಗ ನಿಂತು, "ರಾಯರ, ನಾ ಗುಳಗಿ ಕೊಟ್ಟಿಲ್ರಿ," ಅಂದ.

ರಾಯರು ಇನ್ನೊಬ್ಬರ ನಾಡಿ ಹಿಡದಿದ್ರು. "ಯಾವ ಗುಳಗಿ?"

"ಯಾವೂ ಕೊಟ್ಟಿಲ್ರಿ. ಮೂರ ದಿವಸ ಕೊಟ್ಟೆ, ಆಮ್ಯಾಲಿನೂವು ಕರೆ ಬಾನ್ಯಾಗ ಹಾಕೇನಿ. ಪುಠಾಣಿ ಹಿಟ್ಟು ಬೆಲ್ಲಾ ಕಲಸಿ ನಾನ ಗುಳಗಿ ಮಾಡಿ ಕೊಟ್ಟೇನ್ರಿ."

ಪಡಸಾಲ್ಯಾಗ ಯಾರೋ ಕಿಸಕ್ಕಂತ ನಕ್ರು. "ಇದು ಮಲಪ್ರಭಾದಕಿಂತ ಚಲೋ ಐತೋ!" ಅಂತ ಒಬ್ಬ. ಬುರಾನಸಾಬನೂ ಒಳಗಿಂದ ಹಣಿಕಿ ಹಾಕಿ, "ಮಡಿವಾಳೆಪ್ಪಣ್ಣ, ನನ್ನ ನೌಕರಿಗೆ ಕೈ ಹಾಕಿಯಲ್ಲೋ," ಅಂತ ಹಲ್ಲ ಕಿಸದ. ರಾಯರು ಮಾತ್ರ ನಗಲಿಲ್ಲ. ಅವರ ಕಣ್ಣಾಗ ಕನಿಕರ ಇತ್ತು. ಬೈದಿದ್ರ ತಡಕೋತಿದ್ದ.

"ಹೋಗಪಾ ಮನಿಗೆ. ತಂದಿ ಜೀವಕ್ಕ ತಡೀಲಾರದಾಗ ಇಂಥಾ ಮಾತ ಬರತಾವ. ನನ್ನ ತಪ್ಪು, ನನ್ನ ತಪ್ಪು ಅನಿಸತದ. ನಿನ್ನ ತಪ್ಪಲ್ಲ."

"ನಂದ ತಪ್ಪರಿ!" ಮಡಿವಾಳೆಪ್ಪ ಟೊಂಕದಾಗಿಂದ ಆ ಗೇಣು ಅರಿವಿ ಹಿರದು ಮೇಜಿನ ಮ್ಯಾಲೆ ಹಾಸಿದ. ಎರಡ ತಿಂಗಳದಿಂದ ಅದನ್ನ ಕಟಗೊಂಡ ತಿರಗತಿದ್ದ. "ನೋಡ್ರಿ. ಕೆಂಪ ಇತ್ತು. ನಿಮ್ಮ ಗುಳಗಿಯಿಂದ ಕರೆ ಆತು."

ರಾಯರು ಅರಿವಿ ನೋಡಿದ್ರು, ಅವನ ಕೈ ನೋಡಿದ್ರು. "ಬಣ್ಣಗಾರನ ಹತ್ರ ಒಂದ ಕರೆ ಅರಿವಿ ಅದ," ಅಂದ್ರು, ಮೆತ್ತಗ. "ಇದರಾಗ ನಾ ಏನ ನೋಡಲಿ?"

ಮಡಿವಾಳೆಪ್ಪಗ ಆಣಿ ಮಾಡೂಣು ಅನಿಸಿತು. ಯಾವ ದೇವರ ಮ್ಯಾಲೆ ಮಾಡಿದ್ರೂ ಆ ದೇವರಿಗೂ ಅವನ ಕಥಿ ಗೊತ್ತಿದ್ವು. ಹುಟ್ಟಿದ ನಲವತ್ತೈದ ವರ್ಷದಾಗ ಹೇಳಿದ ಸುಳ್ಳ ಎಲ್ಲಾ ಮಂದಿ ಕಿವಿಯಾಗ ಹಾಸಿಗಿ ಹಾಸ್ಕೊಂಡು ಮಲಗಿದ್ವು. ಈ ಒಂದ ಖರೇಕ ಕುಂದ್ರಾಕ ಜಾಗಾ ಇದ್ದಿಲ್ಲ. ಆಗ ಅವನ ಧೋತರದ ಹಿಂದಿಂದ ಸಣ್ಣ ದನಿ ಬಂತು. ಸೋಮಿ ಯಾವಾಗೋ ಒಳಗ ಬಂದು ನಿಂತಿದ್ಲು.

"ಅಪ್ಪ ಗುಳಗಿ ಹಾಳ ಮಾಡಿಲ್ರಿ," ಅಂದ್ಲು ರಾಯರಿಗೆ. ಅಪ್ಪನಿಗೆ ಬೈಯಾಕ ಹತ್ಯಾರಂತ ತಿಳದಿದ್ಲು. "ಹಣ್ಣ ಮಾಡ್ಯಾನ. ಅದಕ್ಕ ಸೀ ಅದಾವು."

ರಾಯರ ಕೈ ನಾಡಿ ಬಿಟ್ಟಿತು. "ಏನಂದಿ ಮಗು? ಸೀ ಅವ?"

"ಹೂಂರಿ. ಬೆಲ್ಲದಂಗ. ಮೊದಲ ಕಾಯಿ ಇದ್ವು, ಬಾಗಲ ಚಿಲಕಾ ನೆಕ್ಕಿದಂಗ. ಅಪ್ಪ ಹುಲ್ಲಾಗ ಮುಚ್ಚಿಟ್ಟು ಹಣ್ಣ ಮಾಡಿದ."

"ಕಾಯಿ ಎಷ್ಟ ದಿನ ತಿಂದಿ?"

ಸೋಮಿ ಮೂರ ಬೆರಳ ತೋರಿಸಿದ್ಲು. ಒಂದರ ತುದಿಗೆ ಇನ್ನೂ ಸೂಜಿ ಚುಚ್ಚಿದ ಗುರ್ತಿತ್ತು, ಗುಲಾಬಿ ನೀರಿನ ಬಣ್ಣದ್ದು.

ಪಡಸಾಲ್ಯಾಗಿನ ನಗಿ ನಿಂತಿತು. ರಾಯರು ಚಾಳೀಸ ಹಾಕ್ಕೊಂಡ್ರು. ಭಾಳ ಹೊತ್ತ ಮಡಿವಾಳೆಪ್ಪನ್ನ ನೋಡಿದ್ರು. ಮೊದಲ ದಿನ ನೋಡಿದಷ್ಟ ಹೊತ್ತು, ಆದ್ರ ಆ ನೋಟ ಅಲ್ಲ. ಬೈತಾರಂತ ಕಾದ. ಹೊಡದ್ರೂ ಆತಂತ ಕಾದ. ಅವರು ಅಂದದ್ದಿಷ್ಟ: "ನಾಳಿಂದ ದಿನಾ ಮುಂಜಾನೆ ಮಗುನ್ನ ಇಲ್ಲಿ ಕರಕೊಂಡ ಬರ್ರಿ. ಬುರಾನಸಾಬ ದಿನದ ಗುಳಗಿ ಎಲ್ಲಾ ತನ್ನ ಕೈಲೆ ನುಂಗಸತಾನ. ಗುಳಗಿ ನಿಮ್ಮ ಕೈಯಾಗ ಕೊಡೂದಿಲ್ಲ." ಎರಡ ತಿಂಗಳ ನೀ, ಏನೋ, ಹೋಗೋ ಅಂದ ಮನಷ್ಯಾ ಬರ್ರಿ ಅಂದ್ರು. ನಿಮ್ಮ ಅಂದ್ರು. ಮಡಿವಾಳೆಪ್ಪಗ ತನ್ನ ಜಾತ್ಯಾಗಿಂದ ಹೊರಗ ಹಾಕಿದಂಗ ಆತು.

ಅವತ್ತಿಂದ ದಿನಾ ಮುಂಜಾನಿ ಹ್ವಾದ. ಬುರಾನಸಾಬ ಸೋಮಿನ್ನ ಮೆಟ್ಟಲ ಮ್ಯಾಲೆ ನಿಲ್ಲಿಸಿ, "ಬಾಯಿ ತಗಿ ಬೇಟಿ" ಅಂತ ಗುಳಗಿ ಹಾಕಿ, ನೀರ ಕುಡಿಸಿ, "ನಾಲಿಗಿ ತೋರಸು, ಎತ್ತು, ಈ ಕಡೆ, ಆ ಕಡೆ" ಅಂತ ಪೋಲೀಸರಂಗ ತಪಾಸ ಮಾಡತಿದ್ದ. ತಪಾಸ ಮಗಳದಲ್ಲ ಅಂತ ಮೂರೂ ಮಂದಿಗೆ ಗೊತ್ತಿತ್ತು. ಮಡಿವಾಳೆಪ್ಪ ಬೇವಿನ ಗಿಡದ ಹತ್ರ ನಿಂತಿರತಿದ್ದ, ಮೆಟ್ಟಲ ಹತ್ತತಿದ್ದಿಲ್ಲ. ಒಮ್ಮೊಮ್ಮೆ ರಾಯರು ಕುದರಿ ಇಳದು ಒಳಗ ಹೋಗತಿದ್ರು. ನಮಸ್ಕಾರ ಮಾಡತಿದ್ದ, ಅವರೂ ಮಾಡತಿದ್ರು. ಕಟ್ಟಿ ಮ್ಯಾಲಿನ ಬೀರಪ್ಪ ಈಗ ಹೊಸದು ಕಲತಿದ್ದ. "ಮಡಿವಾಳ್ಯಾ, ನಿನ್ನ ಸುಣ್ಣದ ಹರಳೂ ಹುಲ್ಲಾಗ ಹಾಕಿ ಹಣ್ಣ ಮಾಡಿಕೊಡೋ!" ಮಡಿವಾಳೆಪ್ಪಗ ಒಳ್ಳೆ ಉತ್ತರ ನಾಲಿಗಿ ತುದಿಗೆ ಬರತಿತ್ತು, ಅಲ್ಲೇ ಒಣಗತಿತ್ತು. ನಾಕನೇ ದಿನ ಹೊರಕಡಿ ಕರ್ರಗಾತು. ಎಷ್ಟ ತಿಳದ್ರೂ ಅದನ್ನ ನೋಡಿದಾಗ ಮುತ್ಯಾನ ದನಿ ಒಳಗಿಂದ ಚೀರತಿತ್ತು, ಕೆಂಪ ಹೋತೋ, ಹೋತೋ ಅಂತ. ದಿನಾ ಮುಂಜಾನಿ ಆ ದನಿಯ ಬಾಯಿ ಮುಚ್ಚಿ, ಮಗಳ ಕೈ ಹಿಡಕೊಂಡು ನಡೀತಿದ್ದ. ಮೂವತ್ತ ವರ್ಷ ಖರೆ ಅಂತ ತಿಳದ ಒಂದ ಮಾತನ್ನ ದಿನಾ ಒಂದೊಂದ ಗುಳಗಿಯಷ್ಟು ಬಿಡೂದಂದ್ರ ಅದು ಹಗರ ಕೆಲಸ ಅಲ್ಲ, ಮತ್ತ ಅದನ್ನ ಯಾರ ಮುಂದ ಹೇಳೂಹಂಗೂ ಇದ್ದಿಲ್ಲ. ಹೇಳಿದ್ರ ಕಥಿ ಆಗತಿತ್ತು.

ಎರಡನೇ ವಾರದಾಗ ಕೆಂಚವ್ವ ಒಂದ ಮಾತಂದ್ಲು, ರೊಟ್ಟಿ ಬಡಕೋತ, ಸುಮ್ಮನ. "ನಡುಮನಿ ಗ್ವಾಡಿ ತೆಗ್ಗಿನಾಗ ಜೇಡ ಬಲಿ ಕಟ್ಟೈತಿ ನೋಡೋ." ಮಡಿವಾಳೆಪ್ಪ ಹೋಗಿ ನೋಡಿದ. ಖರೇನ. ಯಾರೂ ನೆಕ್ಕದ ತೆಗ್ಗು ಒಣಗಿ ಬೆಳ್ಳಗಾಗಿತ್ತು, ಬಾಯಿಗೆ ಅಡ್ಡ ಒಂದ ಎಳಿ ಬಲಿ. ಅಂವ ಅದರ ಮುಂದ ಕುಂತ. ಆ ಬಲಿಗೆ ಉಸುರ ತಾಗಬಾರದಂತ ಮೂಗ ಹಿಡಕೊಂಡು ಕುಂತ.

ಮೂರ ವಾರ ಆದ ಮ್ಯಾಲೆ ರಾಯರು ಒಳಗ ಕರದ್ರು. ಸೂಜಿ, ಹನಿ, ಕಾಗದ. ಹನಿ ಹರಡೂದನ್ನ ಮಡಿವಾಳೆಪ್ಪ ನೋಡಿದ. ಐದನೇ ಗೆರಿ ದಾಟೇತಿ ಅನಿಸಿತು. ಆಮ್ಯಾಲೆ, ದಾಟಲಿ ಅಂತ ಅನಿಸಿದ್ದಕ್ಕ ಹಂಗ ಕಾಣತೈತೇನೋ ಅನಿಸಿತು. ನಲವತ್ತ ಕೆಂಪ ಬಲ್ಲ ಕಣ್ಣು ಮೊದಲನೇ ಸಲ ಅವನಿಗೆ ಸಾಕ್ಷಿ ಹೇಳಲಿಲ್ಲ. ಗ್ವಾಡಿ ಕಡೆ ಮಾರಿ ತಿರುಗಿಸಿಕೊಂಡು ನಿಂತ. ರಾಯರು ಪುಸ್ತಕಾ ಹನಿಗೆ ಹಚ್ಚಿ ನೋಡಿದ್ರು, ಕಿಡಕಿಗೆ ಹಿಡದ್ರು. "ಐದೂವರಿ," ಅಂದ್ರು, ತಮಗ ತಾವ. ಬರದ್ರು. ಪೆನ್ನ ಕೆಳಗ ಇಟ್ಟು, ಇವನ ಕಡೆ ನೋಡದ, "ಇನ್ನೂ ಎರಡ ತಿಂಗಳ ಬರಬೇಕು," ಅಂದ್ರು. ಅದರ ಬೆನ್ನಿಗೆ ಬ್ಯಾರೆ ಏನರೆ ಮಾತ ಬರತೈತಂತ ಮಡಿವಾಳೆಪ್ಪ ಕಾದ. "ಮುಂದಿನವರ ಬರ್ರಿ," ಅಂತ ಬಂತು.

ಹಾದ್ಯಾಗ ಸೋಮಿ ಕೈ ಬಿಡಿಸಿಕೊಂಡು ಮುಂದ ಮುಂದ ಹೊಂಟಿದ್ಲು. ಹತ್ತ ಹೆಜ್ಜಿ ಆತು, ಇಪ್ಪತ್ತ ಆತು, ಬೀರಪ್ಪನ ಕಟ್ಟಿ ದಾಟಿತು. ಮಡಿವಾಳೆಪ್ಪ ಎಣಿಸಿಕೋತ ಹಿಂದ ಬಂದ. ನಲವತ್ತೊಂದಕ್ಕ ಅಕಿ ನಿಂತ್ಲು, ಉಸುರಿಗಲ್ಲ, ಏನೋ ನೆನಪಾಗಿ. ಮಾರಿ ಮ್ಯಾಲೆ ಸ್ವಲ್ಪ, ಕಂಡೂ ಕಾಣದಷ್ಟು, ಮೊದಲ ನೀರಿಗೆ ಹಾಕಿ ತಗದ ಅರಿವಿಯ ಬಣ್ಣ ಇತ್ತು.

"ಅಪ್ಪಾ, ಬುರಾನಕಾಕಾನ ಗುಳಗಿ ಇನ್ನೂ ಚಿಲಕದಂಗ ಅದಾವು. ಇವು ಯಾವಾಗ ಹಣ್ಣಾಗತಾವು?"

ಅವನ ಬಾಯಾಗ ಮೂರ ಉತ್ತರ ಒಮ್ಮೆಲೆ ಎದ್ದು ನಿಂತ್ವು. ಒಂದ್ರಾಗ ಗುಳಗಿ ಗಿಡ ಇತ್ತು, ಒಂದ್ರಾಗ ಸವದತ್ತಿ ಗುಡ್ಡದ ಗಿಳಿ ಇದ್ವು, ಮೂರನೇದು ಎಲ್ಲಾಕಿಂತ ಚಲೋ ಇತ್ತು.

"ಆಗೂದಿಲ್ಲವಾ," ಅಂದ. "ಗುಳಗಿ ಎಂದೂ ಹಣ್ಣಾಗೂದಿಲ್ಲ."

ಸೋಮಿ ತಲಿ ಎತ್ತಿ ಅವನ ಮಾರಿ ನೋಡಿದ್ಲು. ಸೊಂಟದ ಮ್ಯಾಲೆ ಕೈ ಇಟ್ಟು, ಅವರವ್ವನಂಗ, ಒಂದ ಗಳಿಗಿ ಹಂಗ ನೋಡಿದ್ಲು.

"ಹೋಗಪಾ, ಸುಳ್ಳ ಹೇಳತಿ," ಅಂದ್ಲು, ಓಡಿದ್ಲು.